ಯಾಕಕ್ಕನ ಪ್ರಶ್ನೆ, ಕಂಡಕ್ಟರ್ ಭಾವನ ಗಂಟಲು

ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆಫೀಸಿನಲ್ಲಿ ಎಲ್ಲರಿಗೂ ಅವಳು ಯಾಕಕ್ಕ. ಪ್ರೋಗ್ರಾಂ ಬರೆಯುವವರು ಕೆಲಸ ಮುಗಿಸಿ, ಎಲ್ಲ ಸರಿಯಾಗಿದೆ ಎಂದು ಎದೆ ತಟ್ಟಿಕೊಂಡು ಬಂದಾಗ ಅದರಲ್ಲಿ ದೋಷ ಹುಡುಕುವುದು ಅವಳ ಉದ್ಯೋಗ. ಕನ್ನಡಕವನ್ನು ಹಣೆಗೇರಿಸಿ ಪರದೆಯ ಹತ್ತಿರ ಬಾಗಿ ಕೇಳುತ್ತಿದ್ದಳು: "ಈ ಗುಂಡಿ ಎರಡು ಸಲ ಒತ್ತಿದ್ರೆ ಎರಡು ಟಿಕೆಟ್ ಬರುತ್ತೆ. ಯಾಕೆ? ಹೆಸರಿನ ಜಾಗ ಖಾಲಿ ಬಿಟ್ರೂ ಒಳಗೆ ಬಿಡುತ್ತೆ. ಯಾಕೆ?" ಮೊದಮೊದಲು ಅವಳು ಬರುವುದನ್ನು ಕಂಡರೆ ಸಾಕು, ಜನ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದರು. ಅವಳ 'ಯಾಕೆ' ದಾಟಿ ಹೊರಗೆ ಹೋದ ಪ್ರೋಗ್ರಾಂ ಯಾರ ಮಾನವನ್ನೂ ಕಳೆಯುವುದಿಲ್ಲ ಎಂಬುದು ಗೊತ್ತಾದ ಮೇಲೆ ತಾವೇ ಕುರ್ಚಿ ಎಳೆದು ಕೂರಿಸತೊಡಗಿದರು.

ಅವಳು ಕಂಪ್ಯೂಟರ್ ಓದಿದವಳಲ್ಲ. ಹದಿನೆಂಟಕ್ಕೆ ಟೈಪಿಂಗ್ ಶಾಲೆ ಸೇರಿದಳು, ಇಪ್ಪತ್ತಕ್ಕೆ ಒಂದು ಆಫೀಸಿನಲ್ಲಿ ಪತ್ರ ಟೈಪ್ ಮಾಡಿದಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಹಳಬರೆಲ್ಲ ಮೂಗು ಮುರಿದರೆ, ಇವಳು ಮಾತ್ರ ಆ ಹೊಸ ಯಂತ್ರ ಎಲ್ಲೆಲ್ಲಿ ತಪ್ಪುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಯಂತ್ರ ಕೊಡಲು ಬಂದ ಕಂಪನಿಯವರು ಆ ನೋಟ್‌ಬುಕ್ ನೋಡಿ, ಯಂತ್ರದ ಮಾತು ಬಿಟ್ಟು, "ಇದನ್ನ ಬರೆದೋರು ಯಾರು?" ಎಂದು ಕೇಳಿದರಂತೆ. ಆರು ತಿಂಗಳಲ್ಲಿ ಅವಳು ಅವರ ಕಂಪನಿಯಲ್ಲಿದ್ದಳು.

ಗಂಡ ಬಸ್ ಕಂಡಕ್ಟರ್. ಮೂವತ್ತೊಂದು ವರ್ಷ ಒಂದೇ ಡಿಪೋದಲ್ಲಿ ದುಡಿದು ನಿವೃತ್ತನಾದವನು. ಮನೆಯಲ್ಲಿ ಇವರಿಬ್ಬರ ಜೊತೆ ಅತ್ತೆ, ಅಂದರೆ ಅವನ ತಾಯಿ. ಎಂಬತ್ತು ದಾಟಿದ ಅತ್ತೆಗೆ ಕಿವಿ ಮಂದ, ನಾಲಿಗೆ ಮಾತ್ರ ಇನ್ನೂ ಚುರುಕು.

ಪ್ರೋಗ್ರಾಮರ್‌ಗಳ ವಾರ್ಷಿಕ ಸಮಾವೇಶಕ್ಕೆ ಯಾಕಕ್ಕ ಮೊದಲ ಸಲ ಹೋದದ್ದು ಹದಿಮೂರು ವರ್ಷದ ಹಿಂದೆ. ಮೂರು ದಿನ ಭಾಷಣ ಕೇಳಿದಳು, ಮೂರು ದಿನವೂ ಒಬ್ಬಳೇ ಊಟ ಮಾಡಿದಳು. ದೊಡ್ಡ ಕಂಪನಿಯವರು ದೊಡ್ಡ ಕಂಪನಿಯವರ ಜೊತೆ, ಹೆಸರಾದವರು ಹೆಸರಾದವರ ಜೊತೆ. ಅವಳಂತೆಯೇ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತವರು ಇಪ್ಪತ್ತು ಮೂವತ್ತು ಮಂದಿ ಇದ್ದರು. ಅವರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಮನೆಗೆ ಬಂದವಳೇ ಸಮಾವೇಶದ ಸಂಚಾಲಕಿಗೆ ಪತ್ರ ಬರೆದಳು. 'ನಿಮ್ಮ ಭಾಷಣಗಳು ಚೆನ್ನಾಗಿದ್ದವು. ಊಟದ ಹೊತ್ತಿನಲ್ಲಿ ಒಂದು ದೋಷವಿದೆ. ಎರಡನೇ ದಿನ ಸಂಜೆ ನನಗೆ ಎರಡು ಗಂಟೆ ಮತ್ತು ಇಪ್ಪತ್ನಾಲ್ಕು ಮೇಜು ಕೊಟ್ಟರೆ ಸರಿ ಮಾಡಬಹುದು.'

ಆಗಿನ್ನೂ ಎಳೆಯ ವಯಸ್ಸಿನ ಸಂಚಾಲಕಿ ಆ ಪತ್ರವನ್ನು ಎರಡು ಸಲ ಓದಿ ನಕ್ಕಳು, ಮೇಜು ಕೊಟ್ಟಳು. ಮರುವರ್ಷವೇ ತಂಡಗಳ ಕ್ವಿಜ್ ಶುರುವಾಯಿತು.

ಕ್ವಿಜ್ ನಡೆಸುವವರು ಊರಿಗೊಬ್ಬರು ಸಿಗುತ್ತಾರೆ. ಆದರೆ ಯಾಕಕ್ಕನ ಕ್ರಮವೇ ಬೇರೆ. ಬಾಗಿಲಲ್ಲೇ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ಮೇಜಿಗೇ ಹೋಗಬೇಕು. ಕಂಪನಿಯ ಮುಖ್ಯಸ್ಥನಾದರೂ ಅಷ್ಟೇ, ನಿನ್ನೆ ಕೆಲಸಕ್ಕೆ ಸೇರಿದವಳಾದರೂ ಅಷ್ಟೇ. ಫೋನುಗಳೆಲ್ಲ ಮೇಜಿನ ನಡುವೆ, ಅವಳೇ ಹೊಲಿದ ಬಟ್ಟೆಚೀಲದೊಳಗೆ. ಮೇಜಿಗೆ ಒಂದೇ ಪೆನ್ಸಿಲ್. ಯಾಕೆ ಒಂದೇ ಎಂದು ಕೇಳಿದರೆ, "ಎರಡಿದ್ರೆ ಇಬ್ಬರು ಬರೀತಾರೆ, ನಾಲ್ವರು ಸುಮ್ಮನಾಗ್ತಾರೆ. ಒಂದಿದ್ರೆ ಬರೆಯೋಕೆ ಮುಂಚೆ ಆರೂ ಜನ ಮಾತಾಡಲೇಬೇಕು" ಎನ್ನುತ್ತಿದ್ದಳು.

ಪ್ರಶ್ನೆಗಳೂ ಹಾಗೆಯೇ. ಒಬ್ಬನೇ ಪಂಡಿತ ಬಾಯಿಬಿಟ್ಟು ಮುಗಿಸುವಂಥ ಪ್ರಶ್ನೆ ಅವಳ ಪೆಟ್ಟಿಗೆಯೊಳಗೆ ಸೇರುತ್ತಲೇ ಇರಲಿಲ್ಲ. 'ಎಂಟರ್ ಕೀಲಿಯ ಮೇಲೆ ಕೆಲವು ಕೀಬೋರ್ಡುಗಳಲ್ಲಿ ರಿಟರ್ನ್ ಅಂತ ಇರುತ್ತದೆ. ಏನು ಎಲ್ಲಿಗೆ ರಿಟರ್ನ್ ಆಗುತ್ತಿತ್ತು?' ಎಳೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಬಾಯಿ ತೆರೆಯದ ಹಿರಿಯನೊಬ್ಬ ಕೈಯನ್ನು ಎಡದಿಂದ ಬಲಕ್ಕೆ ತಳ್ಳಿ, ಟೈಪ್‌ರೈಟರಿನ ಮೇಲ್ಭಾಗ ಸಾಲು ಮುಗಿದಾಗ ಹೇಗೆ ಮೊದಲಿಗೆ ಹಿಂತಿರುಗುತ್ತಿತ್ತು ಎಂದು ತೋರಿಸುತ್ತಾನೆ. ಮುಂದಿನ ಪ್ರಶ್ನೆಗೆ ಅವನು ಕಿರಿಯರ ಮುಖ ನೋಡಬೇಕಾಗುತ್ತದೆ. ಪ್ರತಿ ಪ್ರಶ್ನೆಯನ್ನೂ ಮನೆಯಲ್ಲಿ ಅತ್ತೆಯ ಮುಂದೆ ಓದುತ್ತಿದ್ದಳು. ಅತ್ತೆಗೆ ಉತ್ತರ ಗೊತ್ತಿರುತ್ತಿರಲಿಲ್ಲ. "ಆಮೇಲೆ? ಉತ್ತರ ಏನು, ಹೇಳೇ ಬೇಗ" ಎಂದರೆ ಪ್ರಶ್ನೆ ಪಾಸು. "ಹೂಂ" ಎಂದು ಸುಮ್ಮನಾದರೆ ಆ ಕಾರ್ಡು ಕಸದ ಬುಟ್ಟಿಗೆ.

ಹೀಗೆ ಹತ್ತು ವರ್ಷ ನಡೆಯಿತು. ಹನ್ನೊಂದನೆಯ ವರ್ಷ, ಕ್ವಿಜ್‌ಗೆ ಆರು ದಿನ ಇರುವಾಗ, ಅವಳ ಸ್ವರ ಹೋಯಿತು.

ತಿಂಗಳಿಂದ ಗಂಟಲು ಒಡೆದಂತಿತ್ತು. ಶೀತ ಎಂದುಕೊಂಡು ಬಿಸಿನೀರು ಕುಡಿದಳು. ಕೊನೆಗೆ ಗಂಟಲಿನ ಡಾಕ್ಟರಮ್ಮ ಸಣ್ಣ ಕೊಳವೆ ಇಳಿಸಿ ನೋಡಿ, ಸ್ವರತಂತುವಿನ ಮೇಲೆ ಅಕ್ಕಿಕಾಳಿನಷ್ಟು ಗಂಟು ಇದೆ ಎಂದರು. "ಭಯಪಡೋಂಥದ್ದಲ್ಲ. ಆದ್ರೆ ಹದಿನಾಲ್ಕು ದಿನ ಮಾತಾಡಬಾರದು. ಪಿಸುಮಾತೂ ಬೇಡ. ಪಿಸುಗುಟ್ಟೋದು ಇನ್ನೂ ಕೆಟ್ಟದ್ದು."

ಯಾಕಕ್ಕ ಬಾಯಿ ತೆರೆದಳು. ಡಾಕ್ಟರಮ್ಮ ಬೆರಳೆತ್ತಿದರು. "ಯಾಕೆ ಅಂತ ಕೇಳಬೇಡಿ."

ಸುದ್ದಿ ಕೇಳಿ ಸಂಚಾಲಕಿ ಅದೇ ಸಂಜೆ ಮನೆಗೆ ಬಂದಳು. ಈಗ ಅವಳಿಗೂ ಮೂವತ್ತೈದು ದಾಟಿತ್ತು. ಯಾಕಕ್ಕನನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯುವಷ್ಟು ಸಲಿಗೆ. "ಅಕ್ಕ, ಈ ವರ್ಷ ನೀವು ಆರಾಮಾಗಿ ಕೂತ್ಕೊಳ್ಳಿ. ಫೋನಲ್ಲೇ ಕ್ವಿಜ್ ಆಡಿಸೋ ಆ್ಯಪ್ ಇದೆ. ಪ್ರಶ್ನೆ ಹಾಕಿಬಿಟ್ರೆ ಸಾಕು, ಅವರವರ ಫೋನಲ್ಲೇ ಆಡ್ಕೋತಾರೆ, ಅಂಕಾನೂ ಅದೇ ಲೆಕ್ಕ ಹಾಕುತ್ತೆ."

ಯಾಕಕ್ಕ ಸ್ಲೇಟು ತೆಗೆದುಕೊಂಡಳು. ಅಂದೇ ಅಂಗಡಿಯಿಂದ ತಂದ, ಮಕ್ಕಳು ಬರೆಯುವ ಸ್ಲೇಟು. 'ಅವರವರ ಫೋನಲ್ಲಿ ಆಡೋದಾದ್ರೆ ಅವರವರ ಮನೇಲೇ ಇರಬಹುದಲ್ಲ' ಎಂದು ಬರೆದು ತೋರಿಸಿದಳು.

ಆಗ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಕಂಡಕ್ಟರು ಪೇಪರ್ ಮಡಿಸಿ ಪಕ್ಕಕ್ಕಿಟ್ಟ.

"ನಾನು ಓದ್ತೀನಿ."

ಯಾಕಕ್ಕ ಗಂಡನನ್ನು ನೋಡಿದ ನೋಟದಲ್ಲಿ ಎಷ್ಟು 'ಯಾಕೆ'ಗಳಿದ್ದವೋ!

"ಏನು ಹಾಗೆ ನೋಡ್ತೀಯ? ನನಗೆ ಕಂಪ್ಯೂಟರ್ ಬರಲ್ಲ, ನಿಜ. ಓದೋಕೆ ಬರುತ್ತಲ್ಲ. ನೂರೈವತ್ತು ಜನ ಅಂದ್ರೆ ಎರಡು ಬಸ್ಸು. ನಾನು ನೋಡದ ಜನವೇ?"

ಅತ್ತೆಗೆ ಅದು ಹೇಗೋ ಕೇಳಿಸಿತು. "ಓದಲಿ ಬಿಡೇ. ಅವನು ಓದೋದು ನನಗೇ ಕೇಳುತ್ತೆ ಅಂದ್ಮೇಲೆ ಇನ್ನು ಯಾರಿಗೆ ಕೇಳಲ್ಲ?"

ಐದು ದಿನ ಮನೆಯ ಹಜಾರವೇ ಕ್ವಿಜ್ ಸಭಾಂಗಣವಾಯಿತು. ಯಾಕಕ್ಕ ಪೆನ್ಸಿಲಿನಿಂದ ಮೇಜು ತಟ್ಟುತ್ತಿದ್ದಳು: ಒಮ್ಮೆ ತಟ್ಟಿದರೆ ಮುಂದೆ ಹೋಗು, ಎರಡು ಸಲವಾದರೆ ಮತ್ತೊಮ್ಮೆ ಓದು, ಮೂರು ಸಲವಾದರೆ ಬಾಯಿ ಮುಚ್ಚು. "ಇದು ಬಸ್ಸಿನ ಬೆಲ್ಲಿನ ಲೆಕ್ಕಾನೇ" ಎಂದು ಅವನು ಖುಷಿಪಟ್ಟ. ಇಂಗ್ಲಿಷ್ ಪದಗಳನ್ನು ಹೇಗೆ ಹೇಳಬೇಕು ಎಂದು ಹೇಳಿಕೊಡಲು ಮಾತ್ರ ಅವಳಿಗೆ ದಾರಿ ಇರಲಿಲ್ಲ. ಅವನು ತಪ್ಪಾಗಿ ಓದುತ್ತಿದ್ದಾನೆಂದು ಗೊತ್ತು. ಸ್ವರ ತೆಗೆಯುವ ಹಾಗಿಲ್ಲ. ಇಷ್ಟು ವರ್ಷ ಬೇರೆಯವರ ತಪ್ಪು ಹೇಳಿ ಬದುಕಿದವಳಿಗೆ ಅದಕ್ಕಿಂತ ದೊಡ್ಡ ಪಥ್ಯ ಇನ್ನೊಂದಿರಲಿಲ್ಲ.

ಕ್ವಿಜ್ ದಿನ ಸಂಜೆ ಐದಕ್ಕೆ ಸಭಾಂಗಣ ತುಂಬಿತು. ಎತ್ತರದ ಕಿಟಕಿಗಳಿಂದ ಇಳಿಬಿಸಿಲು ಮೇಜುಗಳ ಮೇಲೆ ಬಿದ್ದಿತ್ತು. ಕಂಡಕ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ವೇದಿಕೆ ಹತ್ತಿದ. ಮೈಕ್ ನೋಡಿ, "ಇದು ಬೇಡ" ಎಂದು ಪಕ್ಕಕ್ಕಿಟ್ಟ. ಬಾಗಿಲಲ್ಲಿ ಗುಂಪಾಗಿ ನಿಂತಿದ್ದವರತ್ತ ಕೈ ಬೀಸಿ ಕೂಗಿದ: "ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಬನ್ನಿ, ಒಳಗೆ ಬನ್ನಿ, ಹಿಂದೆ ಜಾಗ ಖಾಲಿ ಇದೆ!"

ದೊಡ್ಡ ದೊಡ್ಡ ಇಂಜಿನಿಯರುಗಳು ಮರುಮಾತಿಲ್ಲದೆ ಒಳಗೆ ಸರಿದರು. ಹತ್ತು ವರ್ಷ ಯಾಕಕ್ಕ ಮೈಕಿನಲ್ಲಿ ಹತ್ತು ನಿಮಿಷ ಬೇಡಿಕೊಂಡರೂ ಆಗದ ಕೆಲಸ ಅದು. ವೇದಿಕೆಯ ಪಕ್ಕದ ಪುಟ್ಟ ಮೇಜಿನಲ್ಲಿ ಕೂತಿದ್ದ ಅವಳು ತುಟಿ ಕಚ್ಚಿ ನಗು ತಡೆದಳು. ನಗಲೂಬಾರದು ಎಂದಿದ್ದರು ಡಾಕ್ಟರಮ್ಮ.

ನಾಲ್ಕನೇ ಪ್ರಶ್ನೆಯಲ್ಲಿ ಅವಳು ಹೆದರಿದ್ದ ಪದ ಬಂತು. ಅವನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, "ಪ್ರೋಗ್ರಾಮಿನಲ್ಲಿ ಕ್ವೆ... ಕ್ವೆವೆ... ಕ್ವೆಯುವೆ ಅಂದರೆ..." ಎಂದ.

"ಕ್ಯೂ, ಸಾರ್, ಕ್ಯೂ!" ಯಾರೋ ಕೂಗಿದರು.

"ಕ್ಯೂನಾ? ಸಾಲಲ್ಲಿ ನಿಲ್ಲೋ ಕ್ಯೂ?" ಕಂಡಕ್ಟರು ಕಾರ್ಡು ಕೆಳಗಿಳಿಸಿದ. "ಅದನ್ನ ಮೊದಲೇ ಹೇಳಬಾರದೇ! ಕ್ಯೂ ಬಗ್ಗೆ ನನಗಿಂತ ಹೆಚ್ಚು ಗೊತ್ತಿರೋರು ಈ ಹಾಲಲ್ಲಿ ಇದ್ರೆ ಕೈ ಎತ್ತಿ ನೋಡೋಣ!"

ಸಭೆ ಬಿದ್ದು ಬಿದ್ದು ನಕ್ಕಿತು. ಯಾಕಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಜನ ಅವನನ್ನು ನೋಡಿ ನಗುತ್ತಿಲ್ಲ, ಅವನ ಜೊತೆ ನಗುತ್ತಿದ್ದಾರೆ. ಎಷ್ಟು ಜನ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಇಪ್ಪತ್ಮೂರು ಎಂದು ಓದಿದಾಗ ಅವನಿಗೇ ನಂಬಿಕೆ ಬರಲಿಲ್ಲ. "ಬರೀ ಇಪ್ಪತ್ಮೂರಾ? ನನ್ನ ಬಸ್ಸಲ್ಲಿ ಎಪ್ಪತ್ತು ಜನ ಇರ್ತಿದ್ರು. ಅಂದ್ರೆ ದಿನಾ ಎರಡು ಮೂರು ಜೋಡಿ ಇದ್ದಿರಬೇಕು! ಛೆ, ಒಬ್ಬರಿಗೂ ಪರಿಚಯ ಮಾಡಿಸಲಿಲ್ವಲ್ಲ ನಾನು." ಮೂರನೇ ಸುತ್ತಿನ ಹೊತ್ತಿಗೆ ಸಂಚಾಲಕಿಯ ಬಾಯಲ್ಲಿದ್ದ 'ಭಾವ' ಇಡೀ ಸಭೆಯ ಬಾಯಿಗೆ ಬಂದಿತ್ತು. "ಭಾವ, ಇನ್ನೊಂದ್ಸಲ ಓದಿ!"

ಮೂವತ್ತು ಪ್ರಶ್ನೆ ಮುಗಿದವು. ಯಾಕಕ್ಕ ಮತ್ತು ಸಂಚಾಲಕಿ ಹಾಳೆಗಳನ್ನು ಹಂಚಿಕೊಂಡು, ಕಾರ್ಡಿನ ಉತ್ತರಕ್ಕೆ ತಾಳೆ ನೋಡುತ್ತ ಅವಸರದಲ್ಲಿ ತಿದ್ದಿದರು. ಇಪ್ಪತ್ತಾರು ಅಂಕದ ಮೂರನೇ ಮೇಜು ಮೊದಲು, ಇಪ್ಪತ್ತೈದರ ಹತ್ತೊಂಬತ್ತನೇ ಮೇಜು ಎರಡನೆಯದು. ಭಾವ ಫಲಿತಾಂಶ ಸಾರಿದ, ಮೂರನೇ ಮೇಜಿನವರು ಕುಣಿದರು. ಆಮೇಲೆ ಅವನು ವಾಡಿಕೆಯಂತೆ ಕೊನೆಯ ಸುತ್ತಿನ ಉತ್ತರಗಳನ್ನು ಓದತೊಡಗಿದ. "ಇಪ್ಪತ್ತೇಳು. ಕೀಬೋರ್ಡಿನ ಮೂರು ಅಕ್ಷರಸಾಲುಗಳಲ್ಲಿ ಎಲ್ಲಕ್ಕಿಂತ ಮೇಲಿನದರಿಂದ ಮಾತ್ರ ಬರೆಯಬಹುದಾದ ಹತ್ತು ಅಕ್ಷರದ ಇಂಗ್ಲಿಷ್ ಪದ. ಉತ್ತರ, ಟೈಪ್‌ರೈಟರ್!"

ಹತ್ತೊಂಬತ್ತನೇ ಮೇಜಿನಿಂದ ಒಬ್ಬ ಎದ್ದುನಿಂತ. ರೈಲುಗಳ ವೇಳಾಪಟ್ಟಿಯ ಪ್ರೋಗ್ರಾಂ ನೋಡಿಕೊಳ್ಳುವವನು. ಐವತ್ತರ ಆಸುಪಾಸು, ಸಣ್ಣ ಮೈಕಟ್ಟು, ಸಂಜೆಯಿಡೀ ದನಿ ಎತ್ತದವನು.

"ನಾವು ಪ್ರೊಪ್ರೈಟರ್ ಅಂತ ಬರೆದಿದ್ವಿ. ಅಂಗಡಿ ಬೋರ್ಡಿನ ಕೆಳಗೆ ಮಾಲೀಕರ ಹೆಸರಿನ ಜೊತೆ ಇರುತ್ತಲ್ಲ, ಅದು. ಅದೂ ಹತ್ತಕ್ಷರ, ಅದೂ ಮೇಲಿನ ಸಾಲೇ."

"ಕಾರ್ಡಲ್ಲಿ ಟೈಪ್‌ರೈಟರ್ ಅಂತಿದೆ, ಸ್ವಾಮಿ" ಎಂದ ಭಾವ. "ಟಿಕೆಟ್ಟಲ್ಲಿ ಯಾವ ಊರಿದೆಯೋ ಆ ಊರಿಗೇ ಇಳಿಯೋದು."

ಕೆಲವರು ನಕ್ಕರು. ಯಾಕಕ್ಕ ನಗಲಿಲ್ಲ. ಅವಳ ಬೆರಳುಗಳು ಆಗಲೇ ಮೇಜಿನ ಬರಿಯ ಹಲಗೆಯ ಮೇಲೆ ಟೈಪ್ ಮಾಡುತ್ತಿದ್ದವು. ಪಿ, ಆರ್, ಓ, ಪಿ, ಆರ್, ಐ, ಇ, ಟಿ, ಓ, ಆರ್. ಒಂದು ಬೆರಳೂ ಕೆಳಗಿನ ಸಾಲಿಗೆ ಇಳಿಯಲಿಲ್ಲ. ಇನ್ನೊಮ್ಮೆ ಮಾಡಿದಳು. ಹತ್ತು ಅಕ್ಷರ.

ಅವಳ ಕಿವಿ ಬಿಸಿಯಾಯಿತು. ಈ ಪ್ರಶ್ನೆ ಟೈಪಿಂಗ್ ಶಾಲೆಯ ಕಾಲದ್ದು. ಅಲ್ಲಿನ ಟೀಚರು ಮೊದಲ ವಾರ ಹೇಳಿದ್ದರು: ಟೈಪ್‌ರೈಟರ್ ಎಂಬ ಪದವನ್ನು ಟೈಪ್‌ರೈಟರಿನ ಒಂದೇ ಸಾಲಿನಲ್ಲಿ ಬರೆಯಬಹುದು. ಹದಿನೆಂಟರ ಹುಡುಗಿಗೆ ಅದು ಯಂತ್ರ ತನ್ನೊಬ್ಬಳಿಗೇ ಹೇಳಿದ ಗುಟ್ಟಿನಂತೆ ಕಂಡಿತ್ತು. ನಲವತ್ತು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಈ ವರ್ಷವಷ್ಟೇ ಹೊರಗೆ ತೆಗೆದಿದ್ದಳು. ಉಳಿದ ಇಪ್ಪತ್ತೊಂಬತ್ತನ್ನು ಮೂರು ಮೂರು ಸಲ ಜಾಲಾಡಿದವಳು ಇದನ್ನು ಒಮ್ಮೆಯೂ ಜಾಲಾಡಿರಲಿಲ್ಲ. ಪ್ರೀತಿಯಿಂದ ಸಾಕಿದ್ದನ್ನು ಯಾರು ಜಾಲಾಡುತ್ತಾರೆ? 'ಉತ್ತರ ಒಂದೇ ಅಂದುಕೊಂಡ ಕಡೆಯೇ ದೋಷ ಕೂತಿರುತ್ತೆ' ಎಂದು ಆಫೀಸಿನಲ್ಲಿ ಎಷ್ಟು ಜನರಿಗೆ ಹೇಳಿಕೊಟ್ಟಿದ್ದಳೋ. ದೀಪದ ಬುಡದಲ್ಲೇ ಕತ್ತಲೆ.

ಮೂರು ಸಲ ಮೇಜು ತಟ್ಟಿದಳು. ಸ್ಲೇಟಿನ ಮೇಲೆ ಬರೆದು ಗಂಡನಿಗೆ ಕೊಟ್ಟಳು.

ಅವನು ಓದಿಕೊಂಡ. ಮುಖ ಗಂಭೀರವಾಯಿತು. ಬಾಗಿ, ಮೆಲ್ಲನೆ ಎಂದುಕೊಂಡು ಅರ್ಧ ಸಭೆಗೆ ಕೇಳುವಂತೆ ಹೇಳಿದ: "ಇದನ್ನ ನಾನು ಓದಲ್ಲ. ಅವರಿಗೊಂದು ಅಂಕ ಕೊಟ್ಟುಬಿಡೋಣ, ಅಷ್ಟೇ. ನೂರೈವತ್ತು ಜನರ ಮುಂದೆ ನನ್ನ ಹೆಂಡತಿ ತಪ್ಪು ಮಾಡಿದ್ಲು ಅಂತ ನಾನೇ ಕೂಗಬೇಕಾ?"

ಅವಳು ಸ್ಲೇಟು ಹಿಂದಕ್ಕೆ ತೆಗೆದುಕೊಂಡು, ಬರೆದದ್ದರ ಕೆಳಗೆ ಗೆರೆ ಎಳೆದು, ಮತ್ತೆ ಕೊಟ್ಟಳು. ಅವನು ನಿಟ್ಟುಸಿರು ಬಿಟ್ಟ. ನೆಟ್ಟಗೆ ನಿಂತು ಓದಿದ. ದನಿ ಮೊದಲಿನಷ್ಟೇ ದೊಡ್ಡದಾಗಿತ್ತು, ಆದರೆ ತಮಾಷೆ ಇರಲಿಲ್ಲ.

"ಅವರು ಬರೆದದ್ದು ಸರಿ. ಪ್ರಶ್ನೆ ನನ್ನದು, ತಪ್ಪೂ ನನ್ನದು. ಇನ್ನೂ ಎಷ್ಟು ಪದ ಇವೆಯೋ ನನಗೆ ಗೊತ್ತಿಲ್ಲ. ಇಪ್ಪತ್ನಾಲ್ಕು ಹಾಳೆಗಳನ್ನೂ ಮತ್ತೆ ನೋಡುತ್ತೇನೆ. ದಯವಿಟ್ಟು ಹದಿನೈದು ನಿಮಿಷ ಕೊಡಿ."

ಮೂರನೇ ಮೇಜಿನಲ್ಲಿ ಗುಸುಗುಸು ಎದ್ದಿತು. ಅಲ್ಲಿದ್ದ ದೊಡ್ಡ ಕಂಪನಿಯ ಮುಖ್ಯ ಇಂಜಿನಿಯರು ಎದ್ದು, "ಅಕ್ಕ, ಫಲಿತಾಂಶ ಆಗ್ಲೇ ಹೇಳಿಯಾಗಿದೆ. ಒಂದು ಪದಕ್ಕೋಸ್ಕರ ಎಲ್ಲಾ ಮತ್ತೆ ಬಿಚ್ಚಬೇಕಾ?" ಎಂದ. ಕೆಟ್ಟ ಮಾತಲ್ಲ, ಆಗಲೇ ಕುಣಿದಾಗಿದ್ದ ಮನುಷ್ಯನ ಮಾತು.

ಯಾಕಕ್ಕ ಸ್ಲೇಟು ಎತ್ತಿ ತಾನೇ ಅವನತ್ತ ತಿರುಗಿಸಿದಳು. ಒಂದೇ ಪದ: 'ಯಾಕೆ?'

ಸಭೆಯಲ್ಲಿ ನಗುವಿನ ಅಲೆ ಹರಿಯಿತು. ಇಂಜಿನಿಯರೂ ನಕ್ಕ. ನಕ್ಕು, ಯೋಚಿಸಿ, "ಸರಿ, ಬಿಚ್ಚಿ" ಎಂದು ಕೂತ.

ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಯಾರೂ ಎದ್ದು ಹೋಗಲಿಲ್ಲ. ಇಪ್ಪತ್ನಾಲ್ಕು ಮೇಜುಗಳಲ್ಲೂ ಜನ ಬೆರಳುಗಳಿಂದ ಮೇಜು ಕುಟ್ಟುತ್ತ ಹೊಸ ಪದ ಹುಡುಕತೊಡಗಿದ್ದರು. "ಪರ್ಪೆಚ್ಯುಯಿಟಿ!" ಎಂದು ಒಂದು ಮೇಜು ಕೂಗಿದರೆ "ರೆಪರ್ಟ್ವಾರ್!" ಎಂದು ಇನ್ನೊಂದು. ಸರಿಯಾದ ಬೇರೆ ಪದ ಬರೆದು ಅಂಕ ಕಳೆದುಕೊಂಡಿದ್ದ ಮೇಜುಗಳು ಐದು. ಐದಕ್ಕೂ ಅಂಕ ಸೇರಿಸಿದಳು. ಹತ್ತೊಂಬತ್ತು ಇಪ್ಪತ್ತಾರಕ್ಕೆ ಏರಿ ಮೂರರ ಜೊತೆ ಸಮವಾಯಿತು.

ಇನ್ನೊಂದು ಪ್ರಶ್ನೆ ಬೇಕು. ಪೆಟ್ಟಿಗೆಯಲ್ಲಿ ಉಳಿದ ಕಾರ್ಡುಗಳಿದ್ದವು. ಆದರೆ ಆ ಹೊತ್ತಿನಲ್ಲಿ ಅವಳಿಗೆ ತನ್ನ ಯಾವ ಕಾರ್ಡಿನ ಮೇಲೂ ಪೂರ್ತಿ ಭರವಸೆ ಇರಲಿಲ್ಲ. ಗಂಡನ ಮುಖ ನೋಡಿ ಸ್ಲೇಟಿನಲ್ಲಿ ಕೇಳಿದಳು: 'ಹಾಲಿನಲ್ಲಿ ಎಷ್ಟು ಜನ?'

"ನೂರ ಅರವತ್ತೊಂದು" ಎಂದು ಅವಳ ಕಿವಿಯಲ್ಲಿ, ಈ ಸಲ ನಿಜವಾಗಿಯೂ ಮೆಲ್ಲಗೆ ಹೇಳಿದ, ಯೋಚಿಸದೆ. ಆಟಗಾರರು, ಬಾಗಿಲ ಬಳಿಯ ಸ್ವಯಂಸೇವಕರು, ನೋಡಲು ಬಂದವರು, ಎಲ್ಲ ಸೇರಿ. ಮೂವತ್ತೊಂದು ವರ್ಷ ತಲೆ ಎಣಿಸಿದ ಕಣ್ಣು ನಿವೃತ್ತವಾಗಿರಲಿಲ್ಲ. ಅವಳು ನಂಬಿದಳು. ಆದರೂ ಸಂಚಾಲಕಿಯಿಂದ ಒಂದು ಸಲ ಎಣಿಕೆ ಮಾಡಿಸಿದಳು. ನೂರ ಅರವತ್ತೊಂದೇ.

ಎರಡು ಮೇಜುಗಳಿಗೂ ಅದೇ ಕೊನೆಯ ಪ್ರಶ್ನೆಯಾಯಿತು, ಹತ್ತಿರದ ಉತ್ತರ ಹೇಳಿದವರು ಗೆದ್ದಂತೆ. ಹತ್ತೊಂಬತ್ತನೇ ಮೇಜು ನೂರೈವತ್ತು ಎಂದಿತು. ಮೂರನೆಯದು ನೂರೈವತ್ತೆಂಟು. ಮೂರನೇ ಮೇಜೇ ಗೆದ್ದಿತು, ಮತ್ತೊಮ್ಮೆ ಕುಣಿಯಿತು.

ಜನ ಊಟದ ಕಡೆ ಹೋಗುತ್ತಿದ್ದಾಗ ವೇಳಾಪಟ್ಟಿಯವನು ಪುಟ್ಟ ಮೇಜಿನ ಹತ್ತಿರ ಬಂದ. ಯಾಕಕ್ಕ ಕ್ಷಮೆ ಕೇಳಲು ಸ್ಲೇಟು ಹುಡುಕಿದಳು. ಅವನು ತಡೆದ. "ಬೇಡ ಅಕ್ಕ. ಗೆಲ್ಲೋದಕ್ಕಲ್ಲ ನಾನು ಎದ್ದದ್ದು. ಆ ಪದ ಹೇಳಿದ್ದು ನಮ್ಮ ಮೇಜಿನ ಹುಡುಗಿ. ಮೊದಲ ಸಲ ಬಂದಿದ್ದಾಳೆ. ಹೇಳಲೋ ಬೇಡವೋ ಅಂತ ಹೆದರಿದ್ಲು. ತಪ್ಪು ಅಂತ ಬಂದಾಗ ಅವಳ ಮುಖ ನೋಡೋಕಾಗಲಿಲ್ಲ." ಆ ಹುಡುಗಿ ಆಗ ಊಟದ ಸಾಲಿನಲ್ಲಿ ನಿಂತು, ಮೂರನೇ ಮೇಜಿನ ಮುಖ್ಯ ಇಂಜಿನಿಯರಿಗೆ ಕೈಯಾಡಿಸಿ ಏನನ್ನೋ ವಿವರಿಸುತ್ತಿದ್ದಳು. ಅವನು ತಟ್ಟೆ ಹಿಡಿದು ಕೇಳುತ್ತಿದ್ದ.

ಯಾಕಕ್ಕ ಅವರನ್ನು ಬಹಳ ಹೊತ್ತು ನೋಡಿದಳು. ಗೋಡೆಗೆ ಒರಗಿ ಒಬ್ಬರೂ ನಿಂತಿರಲಿಲ್ಲ.

ಹದಿನಾಲ್ಕು ದಿನ ಕಳೆದ ಮೇಲೆ ಗಂಟು ಕುಗ್ಗಿತ್ತು, ಸ್ವರ ಸ್ವಲ್ಪ ಒರಟಾಗಿ ಹಿಂದಿರುಗಿತು. ಮೈಕಿನ ಮುಂದೆ ಎರಡು ಗಂಟೆ ನಿಲ್ಲುವುದು ಇನ್ನು ಬೇಡ ಎಂದರು ಡಾಕ್ಟರಮ್ಮ. ಸಮಾವೇಶದವರಿಗೂ ಈಗ ಪ್ರಶ್ನೆ ಓದಲು ಭಾವನ ದನಿಯೇ ಬೇಕಾಗಿತ್ತು. ಮುಂದಿನ ವರ್ಷದ ಆಮಂತ್ರಣ ಬಂದದ್ದೇ 'ಅಕ್ಕ ಮತ್ತು ಭಾವನವರಿಗೆ' ಎಂದು. ನಿಯಮಗಳಿಗೆ ಅವಳು ಒಂದನ್ನು ಸೇರಿಸಿದಳು: ಯಾವ ಮೇಜಿನವರು ಬೇಕಾದರೂ ಪ್ರಶ್ನೆಯೇ ತಪ್ಪು ಎಂದು ಎದ್ದು ಹೇಳಬಹುದು, ಹೇಳಿದ್ದು ನಿಜವಾದರೆ ಅವರಿಗೆ ಎರಡು ಅಂಕ. ಮೊದಲ ವರ್ಷವೇ ಒಂಬತ್ತು ಆಕ್ಷೇಪಣೆ ಬಂದವು. ಎಂಟು ಬಿದ್ದುಹೋದವು, ಒಂದು ನಿಂತಿತು. ಆ ತಪ್ಪು ಪ್ರಶ್ನೆಯ ಕಾರ್ಡನ್ನು ಅವಳು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾಳೆ.

ವೇಳಾಪಟ್ಟಿಯವನಿಗೆ ಅವಳೇ ಫೋನ್ ಮಾಡಿ, ಇನ್ನು ಮೇಲೆ ನನ್ನ ಪ್ರಶ್ನೆಗಳನ್ನು ನೀವು ಪರೀಕ್ಷೆ ಮಾಡಬೇಕು ಎಂದಳು. ಅವನು ಒಪ್ಪಿದ. ಒಪ್ಪಿದ್ದು ಬಾಯಿಮಾತಿಗಲ್ಲ, ಈ ಸಲ ಕಳಿಸಿದ ಅರವತ್ತರಲ್ಲಿ ಹನ್ನೊಂದನ್ನು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ. ಒಂಬತ್ತನ್ನು ಅವಳು ತುಟಿಪಿಟಕ್ಕೆನ್ನದೆ ಹರಿದು ಹಾಕಿದಳು. ಉಳಿದ ಎರಡಕ್ಕೆ ಮೊನ್ನೆ ಬೆಳಿಗ್ಗೆ ಫೋನಿನಲ್ಲಿ ಮುಕ್ಕಾಲು ಗಂಟೆ ಜಗಳವಾಯಿತು.

"ಯಾರ ಜೊತೆ ಹೊಡೆದಾಡ್ತಿದ್ದಾಳೋ ಇವಳು?" ಎಂದು ಅತ್ತೆ ಮಗನನ್ನು ಕೇಳಿದರು.

"ಹೊಡೆದಾಟ ಅಲ್ಲಮ್ಮ, ಕೆಲಸ" ಎಂದ ಕಂಡಕ್ಟರು, ಈ ವರ್ಷದ ಮೊದಲ ಕಟ್ಟು ಕಾರ್ಡುಗಳನ್ನು ಮುಂದಿಟ್ಟುಕೊಂಡು, ಒಂದು ಇಂಗ್ಲಿಷ್ ಪದವನ್ನು ಗಟ್ಟಿಯಾಗಿ, ತನಗೆ ತೋಚಿದಂತೆ ಓದುತ್ತ.